ನೂರಕ್ಕೆ ನೂರು ಹಾಜರಿಗೆ ಟ್ರೋಫಿ: ಕೊಡಬೇಕೇ, ಬೇಡವೇ?

ಪ್ರಶ್ನೆ: ಮುಂಬಯಿಯ ಉಪನಗರದಲ್ಲಿ ಕನ್ನಡ ಸಂಘವೊಂದು ನಡೆಸುವ ಅನುದಾನಿತ ಶಾಲೆಯಲ್ಲಿ ನನ್ನ ಮಗಳು ನಾಲ್ಕನೇ ತರಗತಿ ಓದುತ್ತಿದ್ದಾಳೆ. ನಾನು ಪಾಲಕ-ಶಿಕ್ಷಕ ಸಂಘದ ಸದಸ್ಯೆಯೂ ಹೌದು. ಒಂದರಿಂದ ಏಳರವರೆಗೆ ಸುಮಾರು 180 ಮಕ್ಕಳಿದ್ದಾರೆ. ಹಾಜರಿ ಇಳಿಯುತ್ತಿದೆಯೆಂದು, ವರ್ಷವಿಡೀ ಒಂದು ದಿನವೂ ತಪ್ಪಿಸದ ಮಕ್ಕಳಿಗೆ ವಾರ್ಷಿಕೋತ್ಸವದಲ್ಲಿ ಟ್ರೋಫಿ ಮತ್ತು ನಗದು ಕೊಡಲು ಹೊಟೇಲ್ ಉದ್ಯಮಿಯೊಬ್ಬರು 30,000 ರೂಪಾಯಿ ಕೊಡುತ್ತೇನೆಂದಿದ್ದಾರೆ. ಬಹುಮಂದಿಗೆ ಒಪ್ಪಿಗೆ. ನನಗೆ ಮಾತ್ರ ಅಳುಕು. ಹಿಂದಿನ ವರ್ಷ ಅವಳ ತರಗತಿಯಲ್ಲಿ ಇಂಥದ್ದೇ ಸಣ್ಣ ಬಹುಮಾನವಿತ್ತು. 101 ಡಿಗ್ರಿ ಜ್ವರವಿದ್ದರೂ ಶಾಲೆಗೆ ಹೋಗಲೇಬೇಕೆಂದು ಹಟ ಹಿಡಿದಿದ್ದಳು. ಬಹುಮಾನ ಕೊಡುವುದು ಸರಿಯೇ? ಬೇಡವೆಂದರೆ ದಾನಿಗೆ ಏನು ಹೇಳುವುದು?

ಉತ್ತರ: ಟ್ರೋಫಿ ಬೇಡ. ಹಣವನ್ನು ಮಾತ್ರ ಬಿಡಬೇಡಿ. ಆ 30,000 ರೂಪಾಯಿಯಿಂದ ನಿಮ್ಮ ಶಾಲೆಯ ಹಾಜರಿ ನಿಜಕ್ಕೂ ಏರಬಹುದು. ಏರುವುದು ವೇದಿಕೆಯ ಮೇಲಿನ ಖರ್ಚಿನಿಂದಲ್ಲ, ಅಷ್ಟೆ.

ಮೊದಲು ಲೆಕ್ಕ ನೋಡಿ. ಶಿಕ್ಷಣ ಹಕ್ಕು ಕಾಯಿದೆಯ (2009) ಅನುಸೂಚಿಯ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, ಆರರಿಂದ ಎಂಟಕ್ಕೆ 220 ದಿನ ಶಾಲೆ ನಡೆಯಬೇಕು. ನಿಮ್ಮಲ್ಲಿ 210 ದಿನ ಎಂದಿಟ್ಟುಕೊಳ್ಳೋಣ. ಒಂದು ಮಗು ಬಹಳ ನಿಯಮಿತ. ಯಾವುದೇ ದಿನ ಅದು ಶಾಲೆಗೆ ಬರುವ ಸಾಧ್ಯತೆ ನೂರಕ್ಕೆ 98. ಅಂಥ ಮಗು 210 ದಿನಗಳಲ್ಲಿ ಒಂದನ್ನೂ ತಪ್ಪಿಸದಿರುವ ಸಾಧ್ಯತೆ ಎಷ್ಟು? 0.98ನ್ನು 210 ಸಲ ಗುಣಿಸಿ ನೋಡಿದರೆ ನೂರಕ್ಕೆ ಒಂದೂವರೆಯೂ ಇಲ್ಲ. 98ರ ಬದಲು 99 ಹಿಡಿದರೂ ನೂರಕ್ಕೆ 12ರ ಹತ್ತಿರ ಬಂದು ನಿಲ್ಲುತ್ತದೆ. ಜ್ವರ ಬಂದರೆ ಮೂರು ದಿನ ಒಟ್ಟಿಗೇ ಹೋಗುವುದರಿಂದ ನಿಜವಾದ ಅಂಕಿ ಇದಕ್ಕಿಂತ ತುಸು ಮೇಲಿರಬಹುದು, ಇದು ಅಂದಾಜು ಲೆಕ್ಕ. ಆದರೂ ವಿಷಯ ಸ್ಪಷ್ಟ. ವೇದಿಕೆ ಹತ್ತುವ ಮಗುವಿಗೂ ವರ್ಷಕ್ಕೆ ನಾಲ್ಕೇ ದಿನ ತಪ್ಪಿಸಿದ ಮಗುವಿಗೂ ಇರುವ ವ್ಯತ್ಯಾಸ ಶ್ರದ್ಧೆಯದ್ದಲ್ಲ, ಬಹಳ ಸಲ ಸೊಳ್ಳೆಯದ್ದು.

ಇನ್ನೊಂದು ಲೆಕ್ಕ ನಿಮ್ಮ ಹಾಜರಿ ಪುಸ್ತಕದಲ್ಲೇ ಇದೆ. ಮುಂಬಯಿ ಶಾಲೆಗಳಲ್ಲಿ ಇದನ್ನೇ ಕ್ಯಾಟಲಾಗ್ ಅನ್ನುತ್ತಾರೆ. ಮೂವತ್ತು ಮಕ್ಕಳ ಒಂದು ತರಗತಿಯ ಹಿಂದಿನ ವರ್ಷದ ಗೈರುಹಾಜರಿಯನ್ನು ಮಗುವಿನ ಹೆಸರಿನ ಮುಂದೆ ಒಟ್ಟು ಹಾಕಿ, ದೊಡ್ಡ ಸಂಖ್ಯೆಯಿಂದ ಸಣ್ಣದಕ್ಕೆ ಇಳಿಸಿ ಬರೆಯಿರಿ. ತಪ್ಪಿದ ದಿನಗಳಲ್ಲಿ ಅರ್ಧದಷ್ಟು ಮೇಲಿನ ಆರೇಳು ಹೆಸರುಗಳಲ್ಲೇ ಸಿಕ್ಕರೆ ಆಶ್ಚರ್ಯಪಡಬೇಡಿ. ಟ್ರೋಫಿಯ ಆಸೆ ತಟ್ಟುವುದು ಪಟ್ಟಿಯ ಕೆಳಗಿನ ಮೂರು ನಾಲ್ಕು ಮಕ್ಕಳಿಗೆ. ಅವರು ಟ್ರೋಫಿ ಇಲ್ಲದೆಯೂ ಬರುವವರು. ಮೇಲಿನ ಆರು ಮಕ್ಕಳು ಜುಲೈ ಮುಗಿಯುವಷ್ಟರಲ್ಲಿ ಸ್ಪರ್ಧೆಯಿಂದ ಹೊರಗೆ. ಜೂನ್ 15ರ ಆಸುಪಾಸಿನಲ್ಲಿ ಶಾಲೆ ಶುರು, ಮೊದಲ ಮಳೆಗೇ ಒಂದು ದಿನ ತಪ್ಪಿತು ಅನ್ನಿ. ಆಮೇಲಿನ ಹತ್ತು ತಿಂಗಳು ಆ ಮಗುವಿಗೆ ನಿಮ್ಮ ಯೋಜನೆಯಲ್ಲಿ ಏನೂ ಇಲ್ಲ.

ಅಧ್ಯಯನಗಳು ಏನು ಹೇಳುತ್ತವೆ ಎಂದು ಸಭೆಯಲ್ಲಿ ಯಾರಾದರೂ ಕೇಳಿಯಾರು. ಎರಡನ್ನು ನೆನಪಿಟ್ಟುಕೊಂಡರೆ ಸಾಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 6ರಿಂದ 12ನೇ ತರಗತಿಯ ಹದಿನೈದು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಪ್ರಯೋಗವೊಂದು 2021ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ, ಮುಂದಿನ ತಿಂಗಳು ಒಂದು ದಿನವೂ ತಪ್ಪಿಸದಿದ್ದರೆ ಪ್ರಶಸ್ತಿಪತ್ರ ಸಿಗುತ್ತದೆಂದು ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ, ಹಿಂದೆ ಒಂದು ತಿಂಗಳು ಪೂರ್ಣ ಹಾಜರಿದ್ದುದಕ್ಕೆ ಹೇಳದೆ ಕೇಳದೆ ಪ್ರಶಸ್ತಿಪತ್ರ ಕಳಿಸಿದರು. ಮೂರನೇ ಗುಂಪಿಗೆ ಏನೂ ಇಲ್ಲ. ಮೊದಲೇ ಹೇಳಿದ್ದರಿಂದ ಸರಾಸರಿಯಲ್ಲಿ ಏನೂ ಆಗಲಿಲ್ಲ. ಅಚಾನಕ್ ಪ್ರಶಸ್ತಿ ಪಡೆದವರು ಮುಂದಿನ ತಿಂಗಳು ಹೆಚ್ಚು ತಪ್ಪಿಸಿದರು. ಸಂಶೋಧಕರಿಗೆ ಕಂಡ ಕಾರಣ ಇದು: ‘ನಾನು ಉಳಿದವರಿಗಿಂತ ಜಾಸ್ತಿ ಬಂದಿದ್ದೇನೆ, ಶಾಲೆ ನಿರೀಕ್ಷಿಸಿದ್ದಕ್ಕಿಂತಲೂ ಜಾಸ್ತಿ’ ಎಂಬ ಸಂದೇಶ ಮಕ್ಕಳಿಗೆ ಮುಟ್ಟಿತ್ತು. ಹಾಗಿದ್ದ ಮೇಲೆ ಒಂದೆರಡು ದಿನ ತಪ್ಪಿಸಿದರೇನು ಎಂಬುದು ಸಹಜ ತರ್ಕ. ದಾನಿಗಳು ಬಯಸಿದ ವಾರ್ಷಿಕೋತ್ಸವದ ಟ್ರೋಫಿ ಕೂಡ ಮಗುವಿಗೆ ಹೇಳುವುದು ಅದನ್ನೇ: ದಿನಾ ಬರುವುದು ಅಪರೂಪದ ಸಾಧನೆ, ಸಾಮಾನ್ಯ ಮಕ್ಕಳಿಂದ ಆಗುವಂಥದ್ದಲ್ಲ.

ಎರಡನೆಯದು ನಮ್ಮ ದೇಶದ್ದೇ. ಕೊಳೆಗೇರಿ ಪ್ರದೇಶಗಳ ಅನೌಪಚಾರಿಕ ಶಾಲೆಗಳಲ್ಲಿ, ಇಷ್ಟು ದಿನ ಬಂದರೆ ಬಹುಮಾನ ಎಂದು ಗುರಿ ಇಟ್ಟು ನೋಡಿದರು. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಯೋಜನೆ ನಡೆಯುವಷ್ಟು ದಿನ ಹಾಜರಿ ಏರಿತು. ನಿಂತ ಮೇಲೆ? ಮೊದಲಿನಿಂದ ಚೆನ್ನಾಗಿ ಬರುತ್ತಿದ್ದ ಮಕ್ಕಳಲ್ಲಿ ವ್ಯತ್ಯಾಸವಿಲ್ಲ. ಮೊದಲೇ ಕಡಿಮೆ ಬರುತ್ತಿದ್ದ ಮಕ್ಕಳ ಹಾಜರಿ ಮಾತ್ರ ಕುಸಿಯಿತು, ಪರೀಕ್ಷೆಯ ಅಂಕಗಳೂ ಇಳಿದವು, ಪಾಠದ ಮೇಲಿನ ಆಸಕ್ತಿ ಮತ್ತು ತಮ್ಮ ಸಾಮರ್ಥ್ಯದ ಮೇಲಿನ ನಂಬಿಕೆ ಕೂಡ. ಅಂದರೆ ಯಾರಿಗಾಗಿ ಯೋಜನೆ ಮಾಡಿದ್ದರೋ ಅವರಿಗೇ ಪೆಟ್ಟು. ನಿಮ್ಮ ದಾನಿ ಪ್ರತಿವರ್ಷ ಕೊಡುತ್ತಾರೆಂಬ ಖಾತ್ರಿ ಇಲ್ಲದಿದ್ದರೆ ಇದು ಬರೀ ಪುಸ್ತಕದ ಮಾತಲ್ಲ.

ಹಾಗಾದರೆ ಮಗು ಶಾಲೆಗೆ ಬಂದಿತೆಂದು ಏನನ್ನೂ ಕೊಡಬಾರದೇ? ಕೊಡಬಹುದು, ಕೊಡುತ್ತಲೂ ಇದ್ದೇವೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಧ್ಯಾಹ್ನದ ಊಟ ನೋಡಿ: ಐದನೇ ತರಗತಿಯವರೆಗೆ ದಿನಕ್ಕೆ 100 ಗ್ರಾಂ ಧಾನ್ಯ, 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್, ಆರರಿಂದ ಎಂಟಕ್ಕೆ 150 ಗ್ರಾಂ, 700 ಕ್ಯಾಲೊರಿ, 20 ಗ್ರಾಂ. ಅದು ಬಂದ ದಿನವೇ, ಬಂದವರಿಗೆಲ್ಲ ಸಿಗುತ್ತದೆ. ನಿನ್ನೆ ತಪ್ಪಿಸಿದ್ದಕ್ಕೆ ಇವತ್ತಿನ ಊಟ ಕಟ್ ಆಗುವುದಿಲ್ಲ. ಹಸಿವು ಎಂಬ ನಿಜವಾದ ಅಡ್ಡಿಯನ್ನೇ ಅದು ತೆಗೆಯುತ್ತದೆ. ಇದಕ್ಕೆ ತದ್ವಿರುದ್ಧ ಮಹಾರಾಷ್ಟ್ರದ ‘ಉಪಸ್ಥಿತಿ ಭತ್ತಾ’, ಅಂದರೆ ಹಾಜರಿ ಭತ್ಯೆ. ಬಡ ಹಿಂದುಳಿದ ಕುಟುಂಬಗಳ ಹೆಣ್ಣುಮಕ್ಕಳಿಗೆ ದಿನಕ್ಕೆ ಒಂದು ರೂಪಾಯಿ, ವರ್ಷಕ್ಕೆ ಹೆಚ್ಚೆಂದರೆ 220 ಎಂದು 1992ರಲ್ಲಿ ಶುರುವಾದ ಯೋಜನೆ. ಉದ್ದೇಶ ಒಳ್ಳೆಯದೇ ಇತ್ತು, ಆದರೆ ಒಂದು ರೂಪಾಯಿ ದಶಕಗಟ್ಟಲೆ ಒಂದು ರೂಪಾಯಿಯಾಗಿಯೇ ಉಳಿಯಿತು. ಒಂದು ಚಾಕಲೇಟಿನ ಬೆಲೆಗೆ ಯಾವ ತಾಯಿಯೂ ಚಿಕ್ಕ ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ನಿಂತ ದೊಡ್ಡ ಮಗಳನ್ನು ಶಾಲೆಗೆ ಬಿಡುವುದಿಲ್ಲ.

ಇನ್ನು ಜ್ವರದ ವಿಷಯ. ನಿಮ್ಮ ಅಳುಕಿಗೆ ಮೂಲ ಇದು, ಮತ್ತು ಅದು ಸರಿಯಾದ ಅಳುಕು. ಜೂನ್‌ನಿಂದ ಅಕ್ಟೋಬರ್‌ವರೆಗೆ ಮುಂಬಯಿಯಲ್ಲಿ ಡೆಂಗಿ, ಮಲೇರಿಯಾ, ಇಲಿಜ್ವರ, ಹೊಟ್ಟೆಯ ಸೋಂಕು ಎಲ್ಲವೂ ಇರುತ್ತವೆ. 2023ರ ಮಳೆಗಾಲದಲ್ಲಿ ಮಹಾರಾಷ್ಟ್ರದುದ್ದಕ್ಕೂ ಕಣ್ಣುಬೇನೆ ಹಬ್ಬಿತ್ತು. 2022ರ ಕೊನೆಯಲ್ಲಿ ಮುಂಬಯಿಯ ಗೋವಂಡಿಯ ಸುತ್ತ ದಡಾರ ಹರಡಿ ಮಕ್ಕಳು ಸತ್ತರು. ನೂರಕ್ಕೆ ನೂರು ಎಂಬ ಗುರಿ ಇದ್ದಾಗ ಮನೆಯಲ್ಲಿ ಆಗುವುದು ಒಂದೇ: ಬೆಳಿಗ್ಗೆ ಆರಕ್ಕೆ ಪ್ಯಾರಾಸಿಟಮಾಲ್ ಕೊಟ್ಟು ಕಳಿಸುತ್ತಾರೆ. ಅದರ ಪರಿಣಾಮ ನಾಲ್ಕರಿಂದ ಆರು ಗಂಟೆ. ಹತ್ತು ಹತ್ತೂವರೆಗೆ ಜ್ವರ ಮತ್ತೆ ಏರುತ್ತದೆ, ಅಂಟುರೋಗವಾದರೆ ಅಷ್ಟರಲ್ಲಿ ಒಂದೇ ಬೆಂಚಿನ ಮೂವರಿಗೆ ಸೋಂಕು ಹಂಚಿಯಾಗಿರುತ್ತದೆ. ಒಂದು ಮಗುವಿನ ಒಂದು ದಿನ ಉಳಿಸಲು ಹೋಗಿ ತರಗತಿಯ ಹತ್ತು ದಿನ ಕಳೆದುಕೊಂಡಂತಾಯಿತು.

ಆದ್ದರಿಂದ ಶಾಲೆ ಜೂನ್‌ನಲ್ಲೇ ಒಂದು ಹಾಳೆ ಹಂಚಬೇಕು. ಯಾವಾಗ ಮನೆಯಲ್ಲಿರಿಸಬೇಕು, ಯಾವಾಗ ಕಳಿಸಬೇಕು ಎರಡೂ ಅದರಲ್ಲಿರಲಿ. ಜ್ವರ 100.4 ಡಿಗ್ರಿ ಅಥವಾ ಮೇಲಿದ್ದರೆ ಮನೆ. ಔಷಧಿಯಿಲ್ಲದೆ 24 ಗಂಟೆ ಜ್ವರ ಬಾರದಿದ್ದರೆ ಶಾಲೆ. ವಾಂತಿ-ಭೇದಿ ನಿಂತು ಕನಿಷ್ಠ ಒಂದು ದಿನ, ಸಾಧ್ಯವಾದರೆ ಎರಡು ದಿನ. ಚಿಕನ್‌ಪಾಕ್ಸ್, ಅಂದರೆ ಹಿರಿಯರು ‘ಅಮ್ಮ’ ಅನ್ನುವುದು ಬಂದರೆ ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ. ದಡಾರಕ್ಕೆ ಗಂದೆ ಎದ್ದ ಮೇಲೆ ನಾಲ್ಕು ದಿನ, ಮಂಗನಬಾವಿಗೆ ಊತ ಬಂದ ಮೇಲೆ ಐದು ದಿನ. ಡೆಂಗಿಗೆ ಮಾತ್ರ ಈ 24 ಗಂಟೆಯ ನಿಯಮ ಹಿಡಿಯುವುದಿಲ್ಲ: ಅದರಲ್ಲಿ ಅಪಾಯದ ಹೊತ್ತು ಶುರುವಾಗುವುದೇ ಜ್ವರ ಇಳಿಯುವಾಗ, ಮುಂದಿನ ಒಂದೆರಡು ದಿನ. ಜ್ವರ ಬಿಟ್ಟಿತೆಂದು ಮರುದಿನವೇ ಕಳಿಸಬೇಡಿ, ವೈದ್ಯರು ಹೇಳಿದ ಮೇಲೆ ಕಳಿಸಿ. ಬರೀ ನೆಗಡಿ, ಜ್ವರವಿಲ್ಲದ ಸಣ್ಣ ಕೆಮ್ಮು, ತಲೆಯಲ್ಲಿ ಹೇನು: ಇವಕ್ಕೆ ಮನೆಯಲ್ಲಿ ಕೂರಿಸುವ ಅಗತ್ಯವಿಲ್ಲ. ಈ ಕೊನೆಯ ಸಾಲು ಬರೆಯುವುದನ್ನು ಶಾಲೆಗಳು ಮರೆಯುತ್ತವೆ, ಆದರೆ ಹಾಜರಿ ಉಳಿಸುವುದು ಅದೇ.

ಇನ್ನೂ ಒಂದು ಗುಂಪಿನ ಮಕ್ಕಳಿಗೆ ಈ ಟ್ರೋಫಿ ಬಾಗಿಲನ್ನೇ ಮುಚ್ಚುತ್ತದೆ. ಥಲಸ್ಸೀಮಿಯಾ ಎಂಬ ರಕ್ತದ ಆನುವಂಶಿಕ ಕಾಯಿಲೆ ಇರುವ ಮಗು ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳಬೇಕು. ಫಿಸಿಯೋಥೆರಪಿಗೆ ಹೋಗುವ ಮಗುವಿದೆ, ಅಸ್ತಮಾದ ಮಗುವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಥಲಸ್ಸೀಮಿಯಾವನ್ನೂ ಪಟ್ಟಿಯಲ್ಲಿ ಸೇರಿಸಿದೆ, ತಾರತಮ್ಯ ಮಾಡಬಾರದು ಎನ್ನುತ್ತದೆ. ಕಾಯಿದೆಯ ಮಾತು ಬದಿಗಿಟ್ಟರೂ, ಆಸ್ಪತ್ರೆಗೆ ಹೋದ ಮಗು ಕೆಳಗೆ ಕೂತು ಚಪ್ಪಾಳೆ ತಟ್ಟಬೇಕಾದ ಬಹುಮಾನ ಶಾಲೆಗೆ ಶೋಭೆಯಲ್ಲ.

‘ವೈದ್ಯರ ಚೀಟಿ ತಂದರೆ ಹಾಜರಿಯೆಂದೇ ಲೆಕ್ಕ ಹಿಡಿಯೋಣ’ ಎಂದು ಯಾರಾದರೂ ರಾಜಿ ಸೂಚಿಸುತ್ತಾರೆ. ಮಾಡಬೇಡಿ. ಚೀಟಿಗೆ ಹಣ ಕೊಡಬಲ್ಲವರ ಮಕ್ಕಳು ಗೆಲ್ಲುತ್ತಾರೆ, ಮನೆಮದ್ದು ಮಾಡಿದ ಕೂಲಿಯವರ ಮಕ್ಕಳು ಸೋಲುತ್ತಾರೆ. ಅದಕ್ಕಿಂತ ಕೆಟ್ಟದ್ದು, ಬಹುಮಾನ ಬಂದ ಮೇಲೆ ಹಾಜರಿ ಪುಸ್ತಕ ನಂಬುವಂತಿರುವುದಿಲ್ಲ. ‘ಒಂದೇ ದಿನ ಅಲ್ವಾ ಟೀಚರ್, ಹಾಕಿಬಿಡಿ’ ಎಂದು ಪಾಲಕರು ಕೇಳುತ್ತಾರೆ, ಶಿಕ್ಷಕಿಗೆ ಇಲ್ಲವೆನ್ನಲಾಗುವುದಿಲ್ಲ. ಸುಳ್ಳು ಸೇರಿದ ಪುಸ್ತಕದಿಂದ ಯಾವ ಮಗು ಜಾರುತ್ತಿದೆ ಎಂದು ಕಂಡುಹಿಡಿಯಲಾಗದು.

ಈಗ ಮಕ್ಕಳು ನಿಜಕ್ಕೂ ಯಾಕೆ ತಪ್ಪಿಸುತ್ತಾರೆ ಎಂಬುದಕ್ಕೆ ಬರೋಣ. ಮುಂಬಯಿ ಕನ್ನಡ ಕುಟುಂಬಗಳಲ್ಲಿ ಜ್ವರ ಬಿಟ್ಟರೆ ದೊಡ್ಡ ಕಾರಣ ಊರು. ಕರ್ನಾಟಕದ ಶಾಲೆಗಳಿಗೆ ದಸರಾ ರಜೆ, ಮಹಾರಾಷ್ಟ್ರದವಕ್ಕೆ ದೀಪಾವಳಿ ರಜೆ. ಊರಿನಲ್ಲಿ ಅಕ್ಕನ ಮಕ್ಕಳಿಗೆ ದಸರಾ ರಜೆಯೆಂದು ಇಲ್ಲಿನವರೂ ಹೊರಡುತ್ತಾರೆ, ಇಲ್ಲಿ ಶಾಲೆ ನಡೆಯುತ್ತಿರುತ್ತದೆ. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯವರಿಗೆ ಶ್ರಾವಣದ ನಾಗರ ಪಂಚಮಿಗೆ ತಾಯಿ ತವರಿಗೆ ಹೋಗಲೇಬೇಕು, ಮಕ್ಕಳು ಜೊತೆಗೆ. ಆಮೇಲೆ ಜಾತ್ರೆ, ಸುಗ್ಗಿ. ಕರಾವಳಿಯವರಿಗೆ ಚೌತಿ, ಚಳಿಗಾಲದಿಂದ ಬೇಸಿಗೆಯ ತನಕ ನೇಮ-ಕೋಲ, ಮದುವೆ. ಎರಡು ದಿನಕ್ಕೆಂದು ಹೋದವರು ಎಂಟು ದಿನಕ್ಕೆ ಬರುವುದಕ್ಕೆ ಕಾರಣ ಬಹಳ ಸಲ ಸೋಮಾರಿತನವಲ್ಲ, ಮರಳುವ ಟಿಕೆಟ್. ಉದ್ಯಾನ್ ಎಕ್ಸ್‌ಪ್ರೆಸ್ಸಾಗಲಿ ಮತ್ಸ್ಯಗಂಧಾ ಆಗಲಿ, ಹಬ್ಬದ ವಾರ ಕಾಯುವ ಪಟ್ಟಿ ಕರಗುವುದಿಲ್ಲ. 2024ರ ನವೆಂಬರ್‌ನಿಂದ ರೈಲ್ವೆಯ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ. ಶಾಲೆ ಮಾಡಬಹುದಾದದ್ದು ಸರಳ: ವರ್ಷದ ರಜಾಪಟ್ಟಿಯನ್ನು ಶಾಲೆ ತೆರೆದ ಮೊದಲ ವಾರವೇ ಕನ್ನಡದಲ್ಲಿ ಅಚ್ಚು ಹಾಕಿ ಕೊಡಿ, ಪ್ರತಿ ದೊಡ್ಡ ರಜೆಯ ಎದುರು ‘ಬುಕಿಂಗ್ ತೆರೆಯುವ ದಿನ’ ಎಂದು 60 ದಿನ ಹಿಂದಿನ ತಾರೀಖು ಬರೆಯಿರಿ, ಆ ತಾರೀಖಿನ ಹಿಂದಿನ ಸಂಜೆ ಪಾಲಕರ ವಾಟ್ಸ್ಆ್ಯಪ್ ಗುಂಪಿಗೆ ಒಂದು ನೆನಪೋಲೆ ಹಾಕಿ. ಖರ್ಚು ಕಾಗದದ್ದಷ್ಟೆ.

ಉಳಿದ ಕಾರಣಗಳು ಚಿಕ್ಕವೆಂದು ಕಾಣುತ್ತವೆ. ಒಂದೇ ಜೊತೆ ಸಮವಸ್ತ್ರ ಮಳೆಯಲ್ಲಿ ನೆನೆದು, ಹತ್ತಡಿಯ ಖೋಲಿಯಲ್ಲಿ ಒಣಗದಿರುವುದು. ನಳ ಬರುವ ಹೊತ್ತೂ ಶಾಲೆಯ ಹೊತ್ತೂ ಒಂದೇ ಆಗಿ, ನೀರು ತುಂಬುವುದು ಮಗಳ ಪಾಲಿಗೆ ಬರುವುದು. ತಾಯಿ ಮನೆಗೆಲಸಕ್ಕೆ ಹೋದ ದಿನ ತಮ್ಮನನ್ನು ನೋಡಿಕೊಳ್ಳುವುದು. ಆರು ಏಳನೇ ತರಗತಿಯ ಹುಡುಗಿಯರಿಗೆ ಶಾಲೆಯ ಶೌಚಾಲಯದಲ್ಲಿ ಚಿಲಕವಿಲ್ಲ, ನೀರಿಲ್ಲ, ಪ್ಯಾಡ್ ಎಸೆಯಲು ಮುಚ್ಚಳದ ಬುಟ್ಟಿಯಿಲ್ಲ ಎಂಬ ಕಾರಣಕ್ಕೆ ತಿಂಗಳಿಗೆ ಎರಡು ಮೂರು ದಿನ ಹೋಗುವುದು. ಇವನ್ನೆಲ್ಲ ಮಕ್ಕಳು ಬಾಯಿಬಿಟ್ಟು ಹೇಳುವುದಿಲ್ಲ, ‘ಜ್ವರ ಇತ್ತು’ ಎನ್ನುತ್ತಾರೆ. ಮತ್ತೆ, ಶಾಲೆಯೇ ಕಾರಣವಾಗಿರುವುದೂ ಇದೆ: ಹೋಂವರ್ಕ್ ಆಗಿಲ್ಲ, ಗಣಿತದಲ್ಲಿ ಹಿಂದೆ ಬಿದ್ದಾಗಿದೆ, ಯಾರೋ ಭಾಷೆಯನ್ನೋ ಬಣ್ಣವನ್ನೋ ಹಂಗಿಸುತ್ತಾರೆ.

ಇದನ್ನು ಹಿಡಿಯಲು ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತಿನ ಪಕ್ಕ ಪೆನ್ಸಿಲ್‌ನಲ್ಲಿ ಒಂದಕ್ಷರ ಬರೆಯುವ ಪದ್ಧತಿ ತನ್ನಿ: ಜ (ಜ್ವರ, ಕಾಯಿಲೆ), ಊ (ಊರು), ಮ (ಮನೆಕೆಲಸ, ಮಗು ನೋಡಿಕೊಳ್ಳುವುದು), ದ (ದಾರಿ, ಮಳೆ, ಬಸ್ಸು), ಶ (ಶಾಲೆಯದೇ ಕಾರಣ), ಗ (ಗೊತ್ತಿಲ್ಲ). ಹಾಜರಿಯನ್ನು ಮೊದಲ ತಾಸಿನೊಳಗೆ ಶಾಯಿಯಲ್ಲೇ ಹಾಕಬೇಕು, ತಿದ್ದಬಾರದು. ಕಾರಣದ ಅಕ್ಷರವನ್ನು ಮಾತ್ರ ತಿಂಗಳ ಕೊನೆಯವರೆಗೂ ಬದಲಿಸಬಹುದು, ಏಕೆಂದರೆ ಮೊದಲು ಹೇಳಿದ ಕಾರಣ ಬಹಳ ಸಲ ನಿಜವಲ್ಲ. ಎಲ್ಲ ಕಡೆ ‘ಜ’ ತುಂಬಿದ ಪುಟ ಕಂಡರೆ ಮಕ್ಕಳು ರೋಗಿಷ್ಠರೆಂದಲ್ಲ, ಯಾರೂ ಕೇಳಿಲ್ಲವೆಂದು ತಿಳಿಯಿರಿ. ಕೇಳುವುದೂ ಎಲ್ಲರೆದುರು ನಿಲ್ಲಿಸಿ ಅಲ್ಲ. ಹಾಗೆ ನಿಲ್ಲಿಸಿ ಅವಮಾನಿಸುವುದು ಶಿಕ್ಷಣ ಹಕ್ಕು ಕಾಯಿದೆಯ 17ನೇ ಸೆಕ್ಷನ್ ನಿಷೇಧಿಸಿದ ಮಾನಸಿಕ ಕಿರುಕುಳದ ವ್ಯಾಪ್ತಿಗೇ ಬರಬಹುದು. ‘ನಿನ್ನೆ ನೀನಿರಲಿಲ್ಲ, ನೆನಪಾಯಿತು. ಮನೆಯಲ್ಲಿ ಎಲ್ಲ ಸರಿಯಿದೆಯಾ?’ ಎಂದು ಬಿಡುವಿನಲ್ಲಿ ಒಬ್ಬಳೇ ಇದ್ದಾಗ ಕೇಳಿದರೆ ಉತ್ತರ ಬೇರೆಯೇ ಸಿಗುತ್ತದೆ.

ತಿಂಗಳ ಕೊನೆಯ ಶನಿವಾರ ಅರ್ಧ ಗಂಟೆ ಕೂತು ಶೇಕಡಾವಾರು ತೆಗೆಯಿರಿ. ಶಾಲೆ ನಡೆದ ದಿನಗಳಲ್ಲಿ ಶೇ. 5ರೊಳಗೆ ತಪ್ಪಿಸಿದವರ ಬಗ್ಗೆ ಚಿಂತೆ ಬೇಡ. ಶೇ. 5ರಿಂದ 10: ಗಮನವಿರಲಿ. ಶೇ. 10 ದಾಟಿದರೆ ಆ ವಾರವೇ ಫೋನ್. ಅಮೆರಿಕದಲ್ಲಿ ‘ದೀರ್ಘಕಾಲಿಕ ಗೈರುಹಾಜರಿ’ ಎನ್ನಲು ಬಳಸುವ ಗೆರೆಯೂ ಇದೇ ಶೇ. 10; ನಮ್ಮ ಲೆಕ್ಕದಲ್ಲಿ ವರ್ಷಕ್ಕೆ 20-22 ದಿನ, ಅಂದರೆ ತಿಂಗಳಿಗೆ ಎರಡೇ ದಿನ. ತಿಂಗಳಿಗೆ ಎರಡು ದಿನವೆಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಅದಕ್ಕೇ ಎಣಿಸಬೇಕಾದದ್ದು. ಶೇ. 20 ದಾಟಿದರೆ ಮನೆಗೆ ಹೋಗಬೇಕು, ಶಿಕ್ಷಕಿಯ ಜೊತೆ ಅದೇ ಚಾಳಿನ (ವಠಾರದ) ಇನ್ನೊಬ್ಬ ತಾಯಿ ಇದ್ದರೆ ಒಳಿತು. ಮೊದಲ ತಿಂಗಳನ್ನು ವಿಶೇಷವಾಗಿ ನೋಡಿ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಶಾಲೆ ಶುರುವಾದ ಮೊದಲ ತಿಂಗಳು ಎರಡರಿಂದ ನಾಲ್ಕು ದಿನ ತಪ್ಪಿಸಿದ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಆ ವರ್ಷ ಒಂದು ತಿಂಗಳಿಗೂ ಹೆಚ್ಚು ತಪ್ಪಿಸಿದ್ದು ಕಂಡುಬಂದಿದೆ. ಜುಲೈ ಮೊದಲ ವಾರಕ್ಕೆ ನಿಮ್ಮ ಕೈಯಲ್ಲಿ ಹತ್ತು ಹನ್ನೆರಡು ಹೆಸರು ಇದ್ದರೆ ವರ್ಷದ ಅರ್ಧ ಕೆಲಸ ಆದಂತೆ.

ಪಾಲಕರಿಗೆ ಪತ್ರ ಎಂಬ ಹಳೆಯ ಉಪಾಯವನ್ನು ಕಡೆಗಣಿಸಬೇಡಿ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 28,000ಕ್ಕೂ ಹೆಚ್ಚು ಮನೆಗಳೊಂದಿಗೆ ನಡೆದ, 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನಿಮ್ಮ ಮಗು ಈವರೆಗೆ ಇಷ್ಟು ದಿನ ತಪ್ಪಿಸಿದೆ ಎಂದು ವರ್ಷದಲ್ಲಿ ಕೆಲವು ಸಲ ಅಂಚೆಯಲ್ಲಿ ತಿಳಿಸಿದ್ದಕ್ಕೇ ದೀರ್ಘಕಾಲಿಕ ಗೈರುಹಾಜರಿ ಶೇ. 10ರಷ್ಟು ಇಳಿಯಿತು. ಪಾಲಕರಿಗೆ ಮಗು ತಪ್ಪಿಸಿದ ದಿನಗಳ ನಿಜವಾದ ಮೊತ್ತ ಗೊತ್ತಿರುವುದಿಲ್ಲ; ಅವರ ಅಂದಾಜು ಬಹಳ ಸಲ ಕಡಿಮೆ. ಬೇರೆ ಮಕ್ಕಳ ಸರಾಸರಿಯನ್ನು ಸೇರಿಸಿ ಹೋಲಿಸಿದ್ದರಿಂದ ಅಲ್ಲಿ ಹೆಚ್ಚಿನ ಲಾಭವೇನೂ ಸಿಗಲಿಲ್ಲ, ಆದ್ದರಿಂದ ಆ ಹೋಲಿಕೆ ನಿಮಗೂ ಬೇಡ. ಪತ್ರ ನಾಲ್ಕೇ ಸಾಲು ಇರಲಿ: ‘ಜೂನ್ 15ರಿಂದ ಆಗಸ್ಟ್ 31ರವರೆಗೆ ಶಾಲೆ ನಡೆದದ್ದು 60 ದಿನ. ನಿಮ್ಮ ಮಗ ಬಾರದಿದ್ದುದು 9 ದಿನ. ಆ ದಿನಗಳಲ್ಲಿ ಭಿನ್ನರಾಶಿಯ ಪಾಠ ಶುರುವಾಗಿದೆ. ಏನಾದರೂ ಅಡಚಣೆ ಇದ್ದರೆ ಈ ನಂಬರಿಗೆ ಫೋನ್ ಮಾಡಿ, ನಾವು ಸೇರಿ ನೋಡೋಣ.’ ಓದು ಬಾರದ ತಾಯಿಗೆ ಇದನ್ನೇ ಅರ್ಧ ನಿಮಿಷದ ಧ್ವನಿ ಸಂದೇಶವಾಗಿ, ಅವರ ಮನೆಮಾತು ತುಳುವಾದರೆ ತುಳುವಿನಲ್ಲಿ ಕಳಿಸಿ. ಮಗುವಿನ ಹಾಜರಿಯ ಬಗ್ಗೆ ಪಾಲಕರಿಗೆ ತಿಳಿಸುವುದು ಶಿಕ್ಷಣ ಹಕ್ಕು ಕಾಯಿದೆಯ 24ನೇ ಸೆಕ್ಷನ್ ಪ್ರಕಾರ ಶಿಕ್ಷಕರ ಕರ್ತವ್ಯವೂ ಹೌದು. ಯಾರೂ ಇದನ್ನು ಹೆಚ್ಚುವರಿ ಕೆಲಸವೆಂದು ಗೊಣಗುವಂತಿಲ್ಲ.

ಮರಳಿ ಬಂದ ಮಗುವಿನ ಮೊದಲ ದಿನ ಬಹಳ ಮುಖ್ಯ. ಐದು ದಿನದ ಎಲ್ಲ ನೋಟ್ಸ್ ಬರೆದು ತೋರಿಸು ಎಂದರೆ ಆರನೇ ದಿನವೂ ಮಗು ಬರುವುದಿಲ್ಲ. ತಪ್ಪಿದ ಪ್ರತಿ ಪಾಠಕ್ಕೆ ಅರ್ಧ ಹಾಳೆಯ ಸಾರ, ಎರಡು ಲೆಕ್ಕ, ಅಷ್ಟೆ. ಬೆಂಚಿನ ಜೊತೆಗಾರ ಮಧ್ಯಾಹ್ನ ಹತ್ತು ನಿಮಿಷ ಹೇಳಿಕೊಡಲಿ. ಉಳಿದದ್ದನ್ನು ಬಿಟ್ಟುಬಿಡಿ.

ದಾನಿಯ ಹಣವನ್ನು ಹೀಗೆ ಹಂಚಬಹುದು. 8,000 ಮಳೆಗಾಲದ ಪೆಟ್ಟಿಗೆಗೆ: ಬೇರೆ ಬೇರೆ ಅಳತೆಯ ಒಣ ಸಮವಸ್ತ್ರ, ಟವೆಲ್, ಕೆಲವು ರೇನ್‌ಕೋಟ್, ಶಾಲೆಯಲ್ಲೇ ಇರಬೇಕು, ಒದ್ದೆಯಾಗಿ ಬಂದವರಿಗೆ ಹೆಸರು ಬರೆಯದೆ ಕೊಡಬೇಕು. 6,000 ಹುಡುಗಿಯರ ಶೌಚಾಲಯದ ಚಿಲಕ, ಬಕೆಟ್, ಮುಚ್ಚಳದ ಬುಟ್ಟಿ ಮತ್ತು ಪ್ಯಾಡ್‌ಗೆ. 10,000 ಇಬ್ಬರು ತಾಯಂದಿರಿಗೆ ಹತ್ತು ತಿಂಗಳು ತಲಾ 500ರಂತೆ ಗೌರವಧನ. ಒಂದೇ ವಸ್ತಿಯ ಎಂಟು ಹತ್ತು ಮಕ್ಕಳನ್ನು ಅವರು ಜೊತೆಗೆ ನಡೆಸಿಕೊಂಡು ಬರುತ್ತಾರೆ. ಈ ಪಟ್ಟಿಯಲ್ಲಿ ಹೆಚ್ಚು ಫಲ ಕೊಡುವುದು ಇದೇ ಎಂದು ನಮ್ಮ ಅನಿಸಿಕೆ, ಏಕೆಂದರೆ ಬಾಗಿಲಿಗೆ ಬಂದು ಕರೆಯುವವರಿದ್ದರೆ ‘ಇವತ್ತು ಬೇಡ’ ಎನ್ನುವುದು ಕಷ್ಟ. 2,000 ಫೋನ್ ಮತ್ತು ಕಾಗದಕ್ಕೆ. 4,000 ತಪ್ಪಿದ ಪಾಠದ ಹಾಳೆಗಳ ಝೆರಾಕ್ಸ್ ಮತ್ತು ತರಗತಿಯ ಕಥೆಪುಸ್ತಕಗಳಿಗೆ. ಒಟ್ಟು 30,000.

ದಾನಿಗೆ ಮಕ್ಕಳ ಮುಖದ ಸಂತೋಷವನ್ನೂ ನೋಡಬೇಕೆಂದಿದ್ದರೆ ಅದು ತಪ್ಪಲ್ಲ, ಮುಖ ತಿರುಗಿಸಬೇಡಿ. ಆಗ ಬಹುಮಾನದ ಅಳತೆಯನ್ನೇ ಬದಲಿಸಿ. ಹಾಜರಿಯನ್ನಲ್ಲ, ಹೇಳದೆ ತಪ್ಪಿಸಿದ ದಿನಗಳನ್ನು ಎಣಿಸಿ. ಜ್ವರ ಬರುವುದು ಯಾರ ಕೈಯಲ್ಲೂ ಇಲ್ಲ, ಆದರೆ ಬೆಳಿಗ್ಗೆ ಶಾಲೆಗೆ ಒಂದು ಸಂದೇಶ ಕಳಿಸುವುದು ಹೆಚ್ಚಿನ ಮನೆಗಳ ಕೈಯಲ್ಲಿದೆ. ‘ಗ’ (ಗೊತ್ತಿಲ್ಲ) ಅಕ್ಷರ ನಾಲ್ಕು ವಾರದಲ್ಲಿ ಹಿಂದಿನ ತಿಂಗಳಿಗಿಂತ ಕಡಿಮೆಯಾದ ತರಗತಿಗೆ ಒಂದು ಹೆಚ್ಚುವರಿ ಆಟದ ಪೀರಿಯಡ್, ಅಥವಾ ಆ ತರಗತಿಯೇ ಆರಿಸಿದ ಹೊಸ ಕಥೆಪುಸ್ತಕ. ತಿಂಗಳಿಗೊಮ್ಮೆ ಲೆಕ್ಕ ಸೊನ್ನೆಯಿಂದ ಶುರು. ನಗದು ಬೇಡ, ವೇದಿಕೆ ಬೇಡ. ಆದರೆ ಇಡೀ ತರಗತಿಯ ಹಾಜರಿಯನ್ನೇ ಎಣಿಸಿ ಬಹುಮಾನ ಇಡಬೇಡಿ: ಯಾರ ಗೈರಿನಿಂದ ಆಟ ತಪ್ಪಿತೋ ಆ ಮಗುವನ್ನು ಉಳಿದವರು ಬಿಡುವಿನಲ್ಲಿ ಬಿಡುವುದಿಲ್ಲ, ಮರುದಿನವೂ ಅದು ಬರುವುದಿಲ್ಲ.

ದಾನಿಯ ಬಳಿ ಹೋಗುವಾಗ ಈ ವಾದಗಳನ್ನೆಲ್ಲ ಹೊತ್ತೊಯ್ಯಬೇಡಿ. ಪಟ್ಟಿಯ ಮೇಲಿನ ಆರು ಮಕ್ಕಳ ಗೈರುಹಾಜರಿಯ ಮೊತ್ತ (ಹೆಸರಿಲ್ಲದೆ) ಮತ್ತು ಮೇಲಿನ ಖರ್ಚಿನ ಹಾಳೆ, ಇವೆರಡು ಸಾಕು. ‘ಅಣ್ಣಾ, ಟ್ರೋಫಿ ಕೊಟ್ಟರೆ ಬರುವವರೇ ಬರುತ್ತಾರೆ. ಬಾರದವರನ್ನು ಕರೆತರಲು ನಿಮ್ಮ ಹಣ ಬೇಕು’ ಎಂದು ಹೇಳಿ. ಹೊಟೇಲ್ ನಡೆಸುವವರಿಗೆ, ರಜೆ ಹಾಕುವ ಕೆಲಸಗಾರನ ಕಷ್ಟ ವಿಚಾರಿಸುವುದಕ್ಕೂ ರಜೆ ಹಾಕದವನಿಗೆ ಬಹುಮಾನ ಕೊಡುವುದಕ್ಕೂ ಇರುವ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ವಾರ್ಷಿಕೋತ್ಸವದಲ್ಲಿ ಅವರಿಗೆ ಶಾಲು ಹೊದಿಸಿ, ಹಣ ಯಾವುದಕ್ಕೆ ಹೋಯಿತೆಂದು ಓದಿ ಹೇಳಿ.

ನಿಮ್ಮ ಮಗಳಿಗೆ ಈಗಲೇ ಹೇಳಬೇಕಾದದ್ದು ಬೇರೆ. ಜ್ವರ ಬಂದಾಗ ಮನೆಯಲ್ಲಿರುವುದು ಬೆಂಚಿನ ಗೆಳತಿಗೆ ಮಾಡುವ ಉಪಕಾರ ಎಂದು ಹೇಳಿ. ನಾಲ್ಕನೇ ತರಗತಿಯ ಮಗುವಿಗೆ ಅದು ಅರ್ಥವಾಗುತ್ತದೆ. ಆ ದಿನ ಶಾಲೆಗೆ ಸಂದೇಶ ಕಳಿಸುವ ಕೆಲಸ ಅವಳಿಗೇ ಕೊಡಿ: ನಿಮ್ಮ ಫೋನಿನಲ್ಲಿ, ಅವಳ ದನಿಯಲ್ಲಿ, ‘ಟೀಚರ್, ನನಗೆ ಜ್ವರ, ಇವತ್ತು ಬರೋದಿಲ್ಲ, ಇವತ್ತಿನ ಪಾಠದ ಹಾಳೆ ಇಡಿ’ ಎಂದು. ಸಂಘದ ಮುಂದಿನ ಸಭೆ ಜೂನ್‌ಗೆ ಮುಂಚೆ ಇದ್ದರೆ ಅಕ್ಷರಗಳ ಪದ್ಧತಿಯನ್ನು ಒಂದೇ ತರಗತಿಯಲ್ಲಿ, ಒಪ್ಪುವ ಒಬ್ಬ ಶಿಕ್ಷಕಿಯೊಂದಿಗೆ ಶುರು ಮಾಡಿ. ಏಳು ತರಗತಿಯಲ್ಲೂ ಒಮ್ಮೆಲೇ ಶುರು ಮಾಡಿದರೆ ಗಣೇಶ ಚೌತಿಯ ಹೊತ್ತಿಗೆ ಯಾರೂ ಬರೆಯುತ್ತಿರುವುದಿಲ್ಲ.